ಹಂಪಿಯ ಬಂಡೆ, ದರೋಜಿಯ ಕರಡಿ: ಕ್ಯಾಮೆರಾ ಆಯ್ಕೆಯ ಒಂದು ಚರಿತ್ರೆ

ವನ್ಯಜೀವಿಗಳನ್ನು ಕುರಿತ ಕಾರ್ಯಕ್ರಮ ಪ್ರಸಾರವಾದಾಗಲೆಲ್ಲ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. 'ಹಕ್ಕಿಗಳ ಚಿತ್ರ ತೆಗೆಯಬೇಕೆಂಬ ಆಸೆ ಇದೆ, ಯಾವ ಕ್ಯಾಮೆರಾ ಕೊಳ್ಳಬೇಕು?' ಬರೆದವರು ಹೆಚ್ಚಾಗಿ ಹೈಸ್ಕೂಲಿನ ಮೇಲಿನ ತರಗತಿಗಳವರು, ಕಾಲೇಜಿನವರು. ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬಂದ ಮೇಲೆ ಮನೆಯಲ್ಲಿ ಆ ಮಾತು ಮುಂದುವರಿದಿಲ್ಲ ಎಂಬುದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ.

ಒಂದು ಮಾದರಿಯ ಹೆಸರು ಹೇಳಿಬಿಟ್ಟರೆ ಉತ್ತರವೇನೋ ಮುಗಿಯುತ್ತದೆ. ಆದರೆ ಎರಡು ಮೂರು ವರ್ಷಗಳಲ್ಲಿ ಆ ಮಾದರಿಯೇ ಅಂಗಡಿಯಿಂದ ಮರೆಯಾಗುತ್ತದೆ. ಆದ್ದರಿಂದ ಇಲ್ಲಿ ಬೇರೆ ದಾರಿ ಹಿಡಿಯೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ಈ ನಾಲ್ಕು ಊರುಗಳ ಆಸುಪಾಸಿನಲ್ಲಿ ಸುಮಾರು ನೂರ ಎಪ್ಪತ್ತು ವರ್ಷಗಳಿಂದ ಜನ ಕ್ಯಾಮೆರಾ ಹೊತ್ತು ಓಡಾಡಿದ್ದಾರೆ. ಯಾವ ಕಾಲದವರ ಕೈಗೆ ಯಾವ ಸಲಕರಣೆ ಬಂತು, ಅದರಿಂದ ಏನು ಸಾಧ್ಯವಾಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ವಿಚಾರಿಸುತ್ತ ಹೋದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಬೆಲೆ ಎಂದರೆ ಇಲ್ಲಿ ರೂಪಾಯಿ ಮಾತ್ರವಲ್ಲ. ಕ್ಯಾಮೆರಾದ ಕೊರತೆಗಳಿಗೆ ಬಹುಕಾಲ ಬೆಲೆ ತೆತ್ತದ್ದು ಹಕ್ಕಿ.

1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳ ಚಿತ್ರಗಳನ್ನು ತೆಗೆದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ, ದಂಡು ಇದ್ದ ಊರು. ಅಂದಿನ ಛಾಯಾಗ್ರಾಹಕನ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ್ದ ಹಸಿ ಕೊಲೋಡಿಯನ್ ವಿಧಾನ. ಗಾಜಿನ ಫಲಕಕ್ಕೆ ಅಂಟಾದ ದ್ರಾವಣ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಸಂಸ್ಕರಿಸಬೇಕು. ಚಿತ್ರ ಬಹಳ ಸ್ಪಷ್ಟವಾಗಿ ಬರುತ್ತದೆ. ಆದರೆ ಕತ್ತಲೆ ಮಾಡಿದ ಡೇರೆ, ನೀರು, ರಾಸಾಯನಿಕಗಳ ಪೆಟ್ಟಿಗೆ ಎಲ್ಲವೂ ಹೋದಲ್ಲೆಲ್ಲ ಜೊತೆಗಿರಬೇಕು. ಇನ್ನೊಂದು, ಕಾಗದದ ನೆಗೆಟಿವ್. ಮೇಣ ಹಾಯಿಸಿದ ಕಾಗದಕ್ಕೆ ಲವಣಗಳನ್ನು ಮೊದಲೇ ಲೇಪಿಸಿ ಒಣಗಿಸಿ ಕಡತದಲ್ಲಿಟ್ಟುಕೊಂಡು ಹೋಗಬಹುದು, ಸಂಸ್ಕರಣೆಯನ್ನು ಬಿಡಾರಕ್ಕೆ ಮರಳಿದ ಮೇಲೆ ಮಾಡಬಹುದು. ಗಾಜಿನಷ್ಟು ಸ್ಪಷ್ಟತೆ ಇಲ್ಲ, ಬಿಂಬ ಮೂಡುವುದೂ ನಿಧಾನ.

ಗ್ರೀನ್‌ಲಾ ಆರಿಸಿಕೊಂಡದ್ದು ಕಾಗದವನ್ನು. ಹಂಪಿಯ ಬಿಸಿಲಿನಲ್ಲಿ ಒಂದು ದಿನ ಅಲೆದವರಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಗಾಜಿನ ಮೇಲಿನ ದ್ರಾವಣ ಕೈಯಲ್ಲಿ ಹಿಡಿದಿರುವಾಗಲೇ ಒಣಗುವ ಹವೆ ಅದು. ಅಂದು ಚಿತ್ರವನ್ನು ಹಿಗ್ಗಿಸಿ ಮುದ್ರಿಸುವುದು ರೂಢಿಯಲ್ಲಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹೀಗಾಗಿ ಆತನ ಒಂದೊಂದು ನೆಗೆಟಿವೂ ಅಡಿಯಳತೆಯನ್ನು ಮೀರಿದ್ದು. ಕ್ಯಾಮೆರಾ ಎಂದರೆ ಒಂದು ಮರದ ಪೆಟ್ಟಿಗೆ.

ಆ ನಿಧಾನದ ಕಾಗದ ನಮಗೆ ಏನು ಉಳಿಸಿಕೊಟ್ಟಿತು ನೋಡಿ. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವನ್ನು ನೀವೆಲ್ಲ ಬಲ್ಲಿರಿ, ಐವತ್ತು ರೂಪಾಯಿಯ ಈಚಿನ ನೋಟಿನ ಹಿಂಬದಿಯಲ್ಲಿಯೂ ಅದೇ ಇದೆ. ಇಂದು ರಥದ ತಲೆ ಬೋಳು. ಗ್ರೀನ್‌ಲಾ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಶಿಖರ ಆಮೇಲೆ ಹೋಯಿತು. ಅದು ಇತ್ತೆಂಬುದಕ್ಕೆ ಸಾಕ್ಷಿ ಆ ಮೇಣದ ಕಾಗದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಚರಿತ್ರೆಯ ಒಂದು ಒಳ್ಳೆಯ ಪಾಠ.

ಆದರೆ ಒಂದು ಮಾತಿದೆ. ಕಾಗದದ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಿದ್ದುದರಿಂದ, ಆ ನಿಮಿಷಗಳಲ್ಲಿ ಮುಂದೆ ಹಾಯ್ದ ಕೋತಿ, ಮೇಲೆ ಹಾರಿದ ಗಿಳಿ, ಬಂಡೆಯ ತುದಿಯಲ್ಲಿ ಕೂತು ಎದ್ದುಹೋದ ಗರುಡ ಯಾವುದೂ ಗುರುತು ಬಿಡುವಂತಿರಲಿಲ್ಲ. ಕಲ್ಲನ್ನು ಇಷ್ಟು ಚೆನ್ನಾಗಿ ಕಂಡ ಕ್ಯಾಮೆರಾ ಜೀವವನ್ನು ಕಾಣಲಾರದಾಗಿತ್ತು.

ಕಾಣುವಂತಾದದ್ದು ಒಣ ಫಲಕಗಳು ಬಂದ ಮೇಲೆ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಜೆಲಾಟಿನ್ ಬಳಸಿ ಫಲಕ ಮಾಡುವ ಬಗೆಯನ್ನು ತಿಳಿಸಿದ. ಮುಂದಿನ ಹತ್ತು ವರ್ಷಗಳಲ್ಲಿ ಅದು ಸುಧಾರಿಸಿ, ಸೆಕೆಂಡಿನ ಭಿನ್ನಾಂಶದಲ್ಲಿ ಚಿತ್ರ ತೆಗೆಯುವಷ್ಟು ಚುರುಕಾಯಿತು. ಇಂಗ್ಲೆಂಡಿನ ಕೀರ್ಟನ್ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಒಂದು ಹಕ್ಕಿಗೂಡಿನ ಚಿತ್ರ ತೆಗೆದರು. 1895ರಲ್ಲಿ ಗೂಡುಗಳ ಬಗ್ಗೆ ಅವರ ಪುಸ್ತಕವೇ ಬಂತು. ಇವರು ಹಕ್ಕಿಗೆ ಕಾಣದಂತೆ ಅಡಗಲು ಮಾಡಿದ ಸಾಹಸಗಳು ವಿಚಿತ್ರ. ಚರ್ಮ ಹೊದಿಸಿದ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರೊಳಗೆ ಕ್ಯಾಮೆರಾ ಸಮೇತ ನಿಲ್ಲುತ್ತಿದ್ದರು. ಸೋದರರಲ್ಲಿ ಹಿರಿಯನಾದ ರಿಚರ್ಡ್ ಒಮ್ಮೆ ಆ ಎತ್ತಿನೊಳಗೇ ಪ್ರಜ್ಞೆ ತಪ್ಪಿ ಬಿದ್ದನಂತೆ.

ಮೊದಲ ಪಕ್ಷಿಚಿತ್ರಗಳೆಲ್ಲ ಏಕೆ ಗೂಡಿನವೇ? ಇದನ್ನು ಗಮನಿಸಬೇಕು. ಆಗಿನ ಮಸೂರಗಳು ದೂರದ ಹಕ್ಕಿಯನ್ನು ಹತ್ತಿರ ತರುವಂಥವಲ್ಲ. ಕ್ಯಾಮೆರಾವನ್ನು ಮೊದಲೇ ಒಂದು ಜಾಗಕ್ಕೆ ಫೋಕಸ್ ಮಾಡಿ ಕಾಯಬೇಕು. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗ ಒಂದೇ, ಅದರ ಗೂಡು. ಹೀಗೆ ಸಲಕರಣೆಯ ಕೊರತೆಯಿಂದ ಹುಟ್ಟಿದ ಒಂದು ಪದ್ಧತಿ ಕಲೆಯ ಸಂಪ್ರದಾಯವೇ ಆಯಿತು. ನಮ್ಮ ದೇಶದಲ್ಲಿ ಇ. ಎಚ್. ಎನ್. ಲೌದರ್ 1949ರಲ್ಲಿ ಪ್ರಕಟಿಸಿದ ಪಕ್ಷಿ ಛಾಯಾಗ್ರಹಣದ ಪುಸ್ತಕದ ಕಾಲಕ್ಕೂ ಗೂಡಿನ ಬಳಿ ಮರೆ ಕಟ್ಟಿ ಕೂರುವುದೇ ರೂಢಿ. ತಿಳಿದವರು ದಿನಗಟ್ಟಲೆ ತೆಗೆದುಕೊಂಡು, ಮರೆಯನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಿ, ತಾಯಿಹಕ್ಕಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅರೆಬರೆ ತಿಳಿದವರು ಗೂಡಿಗೆ ಅಡ್ಡವಿದ್ದ ರೆಂಬೆಗಳನ್ನು ಕಡಿದುಹಾಕುತ್ತಿದ್ದರು. ನೆರಳು ಹೋದ ಗೂಡಿನಲ್ಲಿ ಮರಿಗಳು ಬಿಸಿಲಿಗೆ ಬಾಡುತ್ತವೆ, ಇಲ್ಲವೆ ಕಾಗೆಯ ಕಣ್ಣಿಗೆ ಬೀಳುತ್ತವೆ. ಚಿತ್ರದಲ್ಲಿ ಮಾತ್ರ ಎಲ್ಲವೂ ಸುಂದರ.

ದೊಡ್ಡ ಪ್ರಾಣಿಗಳ ವಿಷಯದಲ್ಲಿ ಇನ್ನೊಂದು ಉಪಾಯ ಹೊಳೆಯಿತು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಕಾಲುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಗುಲಿದೊಡನೆ ಫ್ಲ್ಯಾಶ್ ಹೊತ್ತಿ ಚಿತ್ರ ಬರುವಂತೆ ಮಾಡಿದರು; ಅವರ ಪುಸ್ತಕ 1927ರದು. ಇದೇ ತತ್ತ್ವದ ಸ್ವಯಂಚಾಲಿತ ಕ್ಯಾಮೆರಾಗಳಿಂದ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಹುಲಿಗಳನ್ನು ಪಟ್ಟೆಗಳಿಂದ ಗುರುತಿಸಿ ಎಣಿಸುವ ಕೆಲಸ ನಡೆಸಿದರು. ತೆಗೆಯುವವನೇ ಅಲ್ಲಿರದ ಚಿತ್ರ! ಆದರೆ ಅದು ವಿಜ್ಞಾನಿಗಳ ಸಲಕರಣೆ. ನಮ್ಮ ಪ್ರಶ್ನೆ ಕೈಯಲ್ಲಿ ಹಿಡಿಯುವ ಕ್ಯಾಮೆರಾದ್ದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಂಗಮ ದೂರ ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲ, ಲೆನ್ಸ್ ಮೇಲೆ 50 ಮಿಲಿಮೀಟರ್, 300 ಮಿಲಿಮೀಟರ್ ಎಂದು ಬರೆದಿರುವುದು ಅದೇ. ವಸ್ತು ಸಾಕಷ್ಟು ದೂರದಲ್ಲಿದ್ದಾಗ, ವಸ್ತುವಿನ ಉದ್ದವನ್ನು ಸಂಗಮ ದೂರದಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದರೆ ಬಿಂಬದ ಉದ್ದ ಸಿಗುತ್ತದೆ. ಹಂಪಿಯ ಬಂಡೆಗಳ ಸಂದಿಯಲ್ಲಿ ಹಳದಿ ಕೊರಳಿನ ಪಿಕಳಾರವೊಂದಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ನಾಚಿಕೆಯ ಹಕ್ಕಿ. ಅದರ ಉದ್ದ ಸುಮಾರು 20 ಸೆಂಟಿಮೀಟರ್. ಹತ್ತು ಮೀಟರ್ ದೂರದಿಂದ 50 ಮಿಲಿಮೀಟರ್ ಲೆನ್ಸ್‌ನಲ್ಲಿ ತೆಗೆದರೆ ಬಿಂಬ ಕೇವಲ 1 ಮಿಲಿಮೀಟರ್. ಫಿಲ್ಮಿನ ಅಗಲ 36 ಮಿಲಿಮೀಟರ್ ಇರುವಾಗ ಅದು ಒಂದು ಚುಕ್ಕೆ. 500 ಮಿಲಿಮೀಟರ್ ಲೆನ್ಸ್ ಆದರೆ ಬಿಂಬ 10 ಮಿಲಿಮೀಟರ್, ಕಣ್ಣು ಕೊಕ್ಕು ಎಲ್ಲ ಕಾಣುತ್ತವೆ. ಉದ್ದ ಲೆನ್ಸ್ ಇಲ್ಲದವನು ಅದೇ ಚಿತ್ರಕ್ಕೆ ಒಂದು ಮೀಟರ್ ಹತ್ತಿರ ಹೋಗಬೇಕು. ಪಿಕಳಾರ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದು ಗೂಡಿನಲ್ಲಿ ಮರಿಗಳಿದ್ದಾಗ ಮಾತ್ರ. ಲೆನ್ಸಿನ ಉದ್ದ ಎಂಬುದು ಅಂತಸ್ತಿನ ಪ್ರಶ್ನೆಯಲ್ಲ, ಹಕ್ಕಿಗೂ ನಮಗೂ ನಡುವಿನ ಜಾಗದ ಪ್ರಶ್ನೆ ಎಂಬುದು ಈ ಒಂದು ಭಾಗಾಕಾರದಲ್ಲಿ ಇದೆ.

ಈಗ ಸಂಡೂರಿಗೆ ಬರೋಣ. ಅಲ್ಲಿನ ರಾಜಮನೆತನದ ಎಂ. ವೈ. ಘೋರ್ಪಡೆ (1931–2011) ಅವರನ್ನು ಹಿರಿಯರು 1970ರ ದಶಕದ ರಾಜ್ಯ ಹಣಕಾಸು ಸಚಿವರೆಂದು ನೆನೆಯುತ್ತಾರೆ. ಛಾಯಾಗ್ರಾಹಕರ ವಲಯದಲ್ಲಿ ಅವರ ಹೆಸರು ಬೇರೆಯೇ ಕಾರಣಕ್ಕೆ ದೊಡ್ಡದು. ವನ್ಯಜೀವಿ ಛಾಯಾಗ್ರಹಣಕ್ಕಾಗಿ ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟದ 'ಮಾಸ್ಟರ್' ಮನ್ನಣೆ 1983ರಲ್ಲಿ ಅವರಿಗೆ ದೊರೆಯಿತು. ಬಿಸಿಲು ನೆರಳುಗಳ ಹೆಸರನ್ನೇ ಹೊತ್ತ ಅವರ ಇಂಗ್ಲಿಷ್ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಬೆಂಗಳೂರಿನಲ್ಲಿ ಒ. ಸಿ. ಎಡ್ವರ್ಡ್ಸ್, ಅವರ ಬಳಿ ಪಳಗಿದ ಟಿ. ಎನ್. ಎ. ಪೆರುಮಾಳ್ (1932–2017), ಇ. ಹನುಮಂತರಾವ್, ಮೂಡಿಗೆರೆಯಲ್ಲಿ ನಮ್ಮ ಪೂರ್ಣಚಂದ್ರ ತೇಜಸ್ವಿ (1938–2007) — ಕರ್ನಾಟಕದಲ್ಲಿ ಹಕ್ಕಿ-ಪ್ರಾಣಿಗಳ ಚಿತ್ರ ತೆಗೆಯುವುದಕ್ಕೆ ಒಂದು ಪರಂಪರೆಯೇ ಬೆಳೆಯಿತು.

ಅವರ ಕಾಲದ ಕಷ್ಟ ಇಂದಿನವರಿಗೆ ಹೇಳಿದರೆ ಕಥೆಯಂತೆ ಕೇಳಿಸುತ್ತದೆ. ಒಳ್ಳೆಯ ಕ್ಯಾಮೆರಾ ಎಂದರೆ ವಿದೇಶದ್ದು. ಆಮದಿಗೆ ಪರವಾನಗಿ, ಅದರ ಮೇಲೆ ಸುಂಕ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ತಯಾರಿಕೆ ಆರಂಭಿಸಿದ ಮೇಲೆ ಕಪ್ಪು-ಬಿಳುಪು ಫಿಲ್ಮ್ ಇಲ್ಲಿಯೇ ಸಿಗತೊಡಗಿತು. ಬಣ್ಣದ ಫಿಲ್ಮ್ ತುಟ್ಟಿ, ಮನೆಯಲ್ಲಿ ತೊಳೆಯಲು ಬಾರದು. ಕಪ್ಪು-ಬಿಳುಪಾದರೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಕೋಣೆ ಮಾಡಿಕೊಳ್ಳಬಹುದಿತ್ತು. ಒಂದು ರೋಲಿನಲ್ಲಿ 36 ಚಿತ್ರ. ಒಂದೊಂದಕ್ಕೂ ಕಾಸು. ಬೆಳಕು ಬರಲಿ, ಪ್ರಾಣಿ ತಿರುಗಲಿ ಎಂದು ಗಂಟೆಗಟ್ಟಲೆ ಕಾದು ಒಂದು ಸಲ ಗುಂಡಿ ಒತ್ತುವ ಅಭ್ಯಾಸ ಆ ಬಡತನದಿಂದ ಬಂದದ್ದು. ಅವರ ಚಿತ್ರಗಳಲ್ಲಿ ಕಾಣುವ ನೆಮ್ಮದಿಗೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. 2017ರಲ್ಲಿ ಬಂದ ಸೋನಿಯ ಒಂದು ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತಿತ್ತು. ಎಂದರೆ ಒಂದಿಡೀ ರೋಲು ಎರಡು ಸೆಕೆಂಡಿನೊಳಗೆ ಖಾಲಿ.

ಆ ಪೀಳಿಗೆಗೆ ದೊಡ್ಡ ವರವಾದದ್ದು 35 ಮಿಲಿಮೀಟರ್ ಫಿಲ್ಮಿನ ಎಸ್‌ಎಲ್‌ಆರ್ ಕ್ಯಾಮೆರಾ. 1959ರ ನಿಕಾನ್ ಎಫ್ ಇದರಲ್ಲಿ ಪ್ರಸಿದ್ಧ. ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿ, ಲೆನ್ಸ್ ಏನು ಕಾಣುತ್ತದೋ ಅದನ್ನೇ ಕಣ್ಣಿಗೆ ತೋರಿಸುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಮೇಲಕ್ಕೆ ಸರಿಯುತ್ತದೆ. ಉದ್ದ ಲೆನ್ಸ್ ಹಾಕಿ ಹಕ್ಕಿಯನ್ನು ಚೌಕಟ್ಟಿನಲ್ಲಿ ಹಿಡಿಯಲು ಇದಿಲ್ಲದೆ ಆಗದು. ಒಂದು ತೊಡಕೆಂದರೆ ಕನ್ನಡಿ ಎದ್ದು ಬೀಳುವ 'ಟಪ್' ಎಂಬ ಸದ್ದು. ಮರೆಯೊಳಗೆ ಕೂತವರು ಕ್ಯಾಮೆರಾಗೆ ದಪ್ಪ ಬಟ್ಟೆ ಸುತ್ತುತ್ತಿದ್ದುದು ಅದಕ್ಕಾಗಿಯೇ. ಕನ್ನಡಿಯೇ ಇಲ್ಲದ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸದ್ದನ್ನು ಪೂರ್ತಿ ನಿಲ್ಲಿಸಬಹುದು. ಜಾಹೀರಾತುಗಳು ಹೊಗಳುವ ಹತ್ತಾರು ಗುಣಗಳಲ್ಲಿ ಹಕ್ಕಿಗೆ ನಿಜವಾಗಿ ಲಾಭವಾದದ್ದು ಇದೊಂದು.

1994ರ ಅಕ್ಟೋಬರಿನಲ್ಲಿ ಸರ್ಕಾರ ಹಂಪಿಗೆ ಹತ್ತಿರದ ಬಿಳಿಕಲ್ಲು ಮೀಸಲು ಅರಣ್ಯದ ಐದೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು ಪ್ರದೇಶವನ್ನು ದರೋಜಿ ಕರಡಿಧಾಮವೆಂದು ಸಾರಿತು. ಕುರುಚಲು ಕಾಡು, ಬಂಡೆ, ಗುಹೆ. ಅಲ್ಲಿಯ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಬಳಿಯುವ, ಅದನ್ನು ನೆಕ್ಕಲು ಬರುವ ಕರಡಿಗಳನ್ನು ಜನ ವೀಕ್ಷಣಾ ಗೋಪುರದಿಂದ ನೋಡುವ ರೂಢಿ ಬೆಳೆಯಿತು. ಗೋಪುರ ಬಿಟ್ಟು ಇಳಿಯುವಂತಿಲ್ಲ. ಇದು ಛಾಯಾಗ್ರಾಹಕರ ಪಾಲಿಗೆ ಒಳ್ಳೆಯ ನಿಯಮ, ಯಾಕೆಂದರೆ ಇಲ್ಲಿ ದೂರವನ್ನು ಗೆಲ್ಲುವ ಕೆಲಸ ಪೂರ್ತಿಯಾಗಿ ಲೆನ್ಸಿನದೇ.

ದರೋಜಿ ಕ್ಯಾಮೆರಾಗೆ ಒಡ್ಡುವ ಪರೀಕ್ಷೆ ಮೂರು ಬಗೆಯದು. ಮೊದಲನೆಯದು ದೂರ. ಬಂಡೆ ನೂರು ಮೀಟರ್ ಆಚೆ ಇದೆ, ಕರಡಿ ಒಂದೂವರೆ ಮೀಟರ್ ಉದ್ದ ಎಂದಿಟ್ಟುಕೊಳ್ಳಿ. 300 ಮಿಲಿಮೀಟರ್ ಲೆನ್ಸ್‌ನಲ್ಲಿ ಬಿಂಬ ನಾಲ್ಕೂವರೆ ಮಿಲಿಮೀಟರ್, 600ರಲ್ಲಿ ಒಂಬತ್ತು.

ಎರಡನೆಯದು ಬೆಳಕು. ಕರಡಿ ಬರುವುದು ಬಿಸಿಲು ಇಳಿದ ಮೇಲೆ. ಉದ್ದ ಲೆನ್ಸ್ ಬಿಂಬವನ್ನು ಹಿಗ್ಗಿಸುವಂತೆಯೇ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಆದ್ದರಿಂದ 500 ಮಿಲಿಮೀಟರ್ ಲೆನ್ಸಿಗೆ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗವಾದರೂ ಇರಬೇಕೆಂಬುದು ಹಳೆಯ ಲೆಕ್ಕ. ಕೊಡಾಕ್‌ಕ್ರೋಮ್ 64 ಎಂಬ ಬಣ್ಣದ ಫಿಲ್ಮ್ 1974ರಿಂದ ವನ್ಯಜೀವಿ ಛಾಯಾಗ್ರಾಹಕರ ಅಚ್ಚುಮೆಚ್ಚು. ನಡುಮಧ್ಯಾಹ್ನದ ಬಿಸಿಲಲ್ಲಿ, ಎಫ್ 5.6 ರಂಧ್ರದಲ್ಲಿ, ಅದಕ್ಕೆ ಸರಿಯಾಗಿ ಐನೂರನೇ ಒಂದು ಸೆಕೆಂಡ್ ಸಿಗುತ್ತಿತ್ತು. ಸಂಜೆ ಬೆಳಕು ಎಂಟನೇ ಒಂದಕ್ಕೆ ಇಳಿದರೆ ಅದೇ ಶಟರ್ ಅರವತ್ತನೇ ಒಂದಕ್ಕೆ ಬರುತ್ತದೆ. ಕರಡಿ ತಲೆ ಅಲ್ಲಾಡಿಸಿದರೆ ಮುಗಿಯಿತು, ಚಿತ್ರ ಕಲಸುಮೇಲೋಗರ. ಇಂದು ಸಾಧಾರಣ ಡಿಜಿಟಲ್ ಕ್ಯಾಮೆರಾದಲ್ಲಿಯೂ ಐಎಸ್‌ಒ 1600 ಇಟ್ಟು ಒಳ್ಳೆಯ ಚಿತ್ರ ತೆಗೆಯಬಹುದು. 64ರ 25 ಪಟ್ಟು! ಅದೇ ಸಂಜೆಗೆ ಸಾವಿರದ ಐನೂರನೇ ಒಂದು ಸೆಕೆಂಡ್. ಹಿಂದಿನವರಿಗೆ ಸಾಧ್ಯವಾಗದೆ ಹೋದದ್ದು ಇಂದು ಕಾಲೇಜು ವಿದ್ಯಾರ್ಥಿಗೆ ಸಾಧ್ಯವಾಗಿರುವುದರ ಮುಖ್ಯ ಕಾರಣ ಇದು. ಕೊಡಾಕ್‌ಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು, ಅದನ್ನು ತೊಳೆಯುತ್ತಿದ್ದ ಕೊನೆಯ ಪ್ರಯೋಗಾಲಯ 2010ರ ಕೊನೆಗೆ ಆ ಕೆಲಸ ಬಿಟ್ಟಿತು.

ಮೂರನೆಯದು ಬಣ್ಣ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಮುಂದಿರುವುದು ಕರಡಿ ಎಂದು ಗೊತ್ತಿಲ್ಲ. ಜಗತ್ತೆಲ್ಲ ಸರಾಸರಿಯಾಗಿ ಮಧ್ಯಮ ಬೂದು ಬಣ್ಣದ್ದು ಎಂಬುದು ಅದರ ನಂಬಿಕೆ. ಚೌಕಟ್ಟಿನ ತುಂಬ ಕಪ್ಪು ಕರಡಿ ಇದ್ದರೆ ಬೆಳಕು ಸಾಲದೆಂದು ಬಗೆದು ಹೆಚ್ಚು ಬೆಳಕು ಬಿಟ್ಟುಕೊಳ್ಳುತ್ತದೆ. ಕರಡಿ ಬೂದಿ ಬಳಿದುಕೊಂಡಂತೆ ಕಾಣುತ್ತದೆ, ಹಿಂದಿನ ಬಂಡೆ ಸುಣ್ಣದಂತಾಗುತ್ತದೆ. ಬೆಳ್ಳಕ್ಕಿಯ ವಿಷಯದಲ್ಲಿ ಇದಕ್ಕೆ ವಿರುದ್ಧ. ಅದು ಮಾಸಿದ ಪಂಚೆಯಂತಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಎಂಬ ಗುಂಡಿ ಇರುವುದು ಇದನ್ನು ತಿದ್ದಲು. ಕರಡಿಗೆ ಕಡಿಮೆ ಮಾಡಿ, ಬೆಳ್ಳಕ್ಕಿಗೆ ಹೆಚ್ಚಿಸಿ. ಕ್ಯಾಮೆರಾ ಕೊಳ್ಳುವಾಗ ಈ ಗುಂಡಿ ಬೆರಳಿಗೆ ಸುಲಭವಾಗಿ ಸಿಗುತ್ತದೆಯೇ ಎಂದು ನೋಡಿ. ಮೆಗಾಪಿಕ್ಸೆಲ್ ಎಷ್ಟೆಂದು ಕೇಳುವುದಕ್ಕಿಂತ ಇದು ಹೆಚ್ಚು ಉಪಯೋಗದ ವಿಚಾರಣೆ.

ಉದ್ದ ಲೆನ್ಸಿಗೆ ಅಷ್ಟು ಬೆಲೆ ಏಕೆ ಎಂಬುದಕ್ಕೂ ಲೆಕ್ಕವಿದೆ. ಎಫ್ ಸಂಖ್ಯೆ ಎಂದರೆ ಸಂಗಮ ದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದದ್ದು. 500 ಮಿಲಿಮೀಟರ್ ಎಫ್ 4 ಲೆನ್ಸಿನ ಮುಂಗಾಜು 125 ಮಿಲಿಮೀಟರ್ ಅಗಲ ಇರಲೇಬೇಕು, ಒಂದು ಸಣ್ಣ ಊಟದ ತಟ್ಟೆಯಷ್ಟು. ಎಫ್ 8 ಆದರೆ ಅದರ ಅರ್ಧ ಸಾಕು. ಅಗಲ ಇಮ್ಮಡಿಯಾದರೆ ಗಾಜಿನ ತೂಕ ಸುಮಾರು ಎಂಟು ಪಟ್ಟು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಉಜ್ಜುವುದು ಕಷ್ಟದ ಕೆಲಸ. ಹಣ ಹೋಗುವುದು ಅಲ್ಲಿಗೆ. ಇದನ್ನು ತಪ್ಪಿಸಲು ಜನ ಕಂಡುಕೊಂಡ ಉಪಾಯಗಳೂ ಉಂಟು. ಒಂದು ಕಾಲದಲ್ಲಿ ವಿದ್ಯಾರ್ಥಿಗಳ ಕೈಗೆಟುಕುತ್ತಿದ್ದ 500 ಮಿಲಿಮೀಟರ್ ಕನ್ನಡಿ ಲೆನ್ಸ್‌ನಲ್ಲಿ ಬೆಳಕು ಒಳಗೇ ಎರಡು ಸಲ ಪ್ರತಿಫಲಿಸುವುದರಿಂದ ಅದು ಗಿಡ್ಡ, ಹಗುರ. ಆದರೆ ರಂಧ್ರ ಎಫ್ 8ಕ್ಕೇ ಸೀಮಿತ, ಹಿನ್ನೆಲೆಯ ಬೆಳಕಿನ ಚುಕ್ಕೆಗಳೆಲ್ಲ ಉದ್ದಿನ ವಡೆಯ ಹಾಗೆ ನಡುವೆ ತೂತು ಬಿದ್ದು ಕಾಣುತ್ತವೆ. ನಮ್ಮ ದೂರದರ್ಶನದ ಕ್ಯಾಮೆರಾ ಲೆನ್ಸ್‌ಗಳಲ್ಲಿ ಎಕ್ಸ್‌ಟೆಂಡರ್ ಎಂಬ ಸಣ್ಣ ಸನ್ನೆ ಇರುತ್ತದೆ. ತಿರುಗಿಸಿದರೆ ಸಂಗಮ ದೂರ ಇಮ್ಮಡಿ, ಬೆಳಕು ನಾಲ್ಕನೇ ಒಂದು. ಟೆಲಿಕನ್ವರ್ಟರ್ ಎಂದು ಅಂಗಡಿಯಲ್ಲಿ ಮಾರುವುದೂ ಇದನ್ನೇ. ಭೌತಶಾಸ್ತ್ರ ಯಾರಿಗೂ ಸಾಲ ಕೊಡುವುದಿಲ್ಲ.

1985ರಲ್ಲಿ ಮಿನೋಲ್ಟಾ 7000 ತಂದ ಸ್ವಯಂ ಫೋಕಸ್, 1995ರಲ್ಲಿ ಕ್ಯಾನನ್ ಲೆನ್ಸಿನೊಳಗೆ ಅಳವಡಿಸಿದ ಕಂಪನ ನಿವಾರಣೆ, ಆಮೇಲೆ ಡಿಜಿಟಲ್, ಈಚೆಗೆ ಹಕ್ಕಿಯ ಕಣ್ಣನ್ನೇ ಗುರುತಿಸಿ ಹಿಡಿಯುವ ಗಣಕ ಬುದ್ಧಿ ಎಲ್ಲವೂ ನಿಮಗೆ ಗೊತ್ತಿರುವುದೇ. ಇವುಗಳಿಗಿಂತ ನಮ್ಮ ಊರುಗಳ ವಿದ್ಯಾರ್ಥಿಗಳ ಮಟ್ಟಿಗೆ ಹೆಚ್ಚಿನ ಬದಲಾವಣೆ ತಂದದ್ದು ಸೂಪರ್‌ಜೂಮ್ ಕ್ಯಾಮೆರಾ. 2015ರ ನಿಕಾನ್ ಪಿ900 ಇದಕ್ಕೆ ಉದಾಹರಣೆ. ಅದರ ನಿಜವಾದ ಸಂಗಮ ದೂರ 357 ಮಿಲಿಮೀಟರ್, ಬೆಳಕು ಗ್ರಹಿಸುವ ಸಂವೇದಕದ ಅಗಲ ಕೇವಲ 6 ಮಿಲಿಮೀಟರ್ ಚಿಲ್ಲರೆ. ಹತ್ತು ಮೀಟರ್ ದೂರದ ಪಿಕಳಾರದ ಬಿಂಬ ಅಲ್ಲಿ 7 ಮಿಲಿಮೀಟರ್, ಚೌಕಟ್ಟನ್ನೇ ಮೀರಿತು! ದೊಡ್ಡ ಲೆನ್ಸಿನ ಬೆಲೆಯ ಒಂದು ಸಣ್ಣ ಪಾಲಿಗೆ ಇದು ಸಿಕ್ಕಿತು. ಕೊರತೆ ಇರುವುದು ಸಂಜೆಯಲ್ಲಿ. ಅಷ್ಟು ಚಿಕ್ಕ ಸಂವೇದಕಕ್ಕೆ ಬೀಳುವ ಬೆಳಕೇ ಕಡಿಮೆ, ಚಿತ್ರದಲ್ಲಿ ಮರಳು ಎರಚಿದಂತೆ ಕಾಳುಕಾಳು. ಬೆಳಗಿನ ಹಕ್ಕಿಗೆ ಇದು ಧಾರಾಳ ಸಾಕು, ದರೋಜಿಯ ಇಳಿಹೊತ್ತಿನ ಕರಡಿಗೆ ಸಾಲದು.

ಇನ್ನೂ ಒಂದು ಸ್ಥಳೀಯ ಸಂಗತಿಯನ್ನು ಯಾವ ಕಂಪನಿಯೂ ಹೇಳುವುದಿಲ್ಲ. ಹಂಪಿಯ ಬಂಡೆಗಳು ಕಾದ ಮೇಲೆ ಅವುಗಳ ಮೇಲಿನ ಗಾಳಿಯೂ ಕಾದು ಏಳುತ್ತದೆ. ಬಿಸಿ ಗಾಳಿ, ತಂಪು ಗಾಳಿಗಳ ವಕ್ರೀಭವನ ಸೂಚಿ ಬೇರೆಬೇರೆ, ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ. ದೂರದ ದೃಶ್ಯ ಕುದಿಯುವ ನೀರಿನ ಮೂಲಕ ನೋಡಿದಂತೆ ಅಲುಗುತ್ತದೆ. ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಎಷ್ಟು ಲಕ್ಷದ ಲೆನ್ಸ್ ಇದ್ದರೂ ದೂರದ ಚಿತ್ರ ಸ್ಪಷ್ಟವಾಗದು. ತುಂಗಭದ್ರಾ ಜಲಾಶಯದ ಅಂಚಿನ ಬಯಲಿನಲ್ಲೂ ಹೀಗೆಯೇ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬಂದಾಗ ನಸುಕಿನಲ್ಲಿಯೇ ಹೋಗಿ ಕೂರಬೇಕು. ಸಂಡೂರಿನ ಕಡೆ ಹೋಗುವವರು ಅದಿರಿನ ಕೆಂಧೂಳನ್ನು ನೆನಪಿಟ್ಟುಕೊಳ್ಳಿ: ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ, ಜೂಮ್ ನಳಿಗೆಯೊಳಗೂ ಅದು ಸೇರುತ್ತದೆ. ಹಳೆಯ ಲೆನ್ಸ್ ಕೊಳ್ಳುವಾಗ ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ.

ಹಾಗಾದರೆ ಏನು ಕೊಳ್ಳುವುದು? ನನ್ನನ್ನು ಕೇಳಿದರೆ ಮೊದಲ ಹಣ ಹೋಗಬೇಕಾದದ್ದು ಒಂದು ಬೈನಾಕ್ಯುಲರ್‌ಗೆ. ಎಂಟು ಪಟ್ಟು ಹಿಗ್ಗಿಸುವಂಥದ್ದು ಸಾಕು. ಕಮಲಾಪುರದ ಕೆರೆಯ ಏರಿಯ ಮೇಲೆ ಒಂದು ವರ್ಷ ಅದರೊಂದಿಗೆ ಓಡಾಡಿದವರಿಗೆ ಹಕ್ಕಿ ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂಬುದು ತಿಳಿಯುತ್ತದೆ. ಆಗ ಬೇಕಾದ ಲೆನ್ಸ್ ಯಾವುದೆಂಬುದೂ ತಾನಾಗಿ ಗೊತ್ತಾಗುತ್ತದೆ. ಆಮೇಲೆ, ಒಂದೇ ಹಣದಲ್ಲಿ ದುಬಾರಿ ಕ್ಯಾಮೆರಾ ಮತ್ತು ಗಿಡ್ಡ ಲೆನ್ಸ್, ಹಳೆಯ ಕ್ಯಾಮೆರಾ ಮತ್ತು ಉದ್ದ ಲೆನ್ಸ್ ಇವೆರಡರಲ್ಲಿ ಆರಿಸಬೇಕಾದರೆ ಎರಡನೆಯದನ್ನು ಆರಿಸಿ. ಕ್ಯಾಮೆರಾ ಬೇಗ ಹಳತಾಗುತ್ತದೆ, ಲೆನ್ಸ್ ನಿಧಾನವಾಗಿ. ಗೋಪುರದ ಕಟಕಟೆಯ ಮೇಲೆ ಟ್ರೈಪಾಡ್‌ಗಿಂತ, ಎರಡು ಕಿಲೋ ಜೋಳ ತುಂಬಿದ ಬಟ್ಟೆಯ ಚೀಲ ಲೆನ್ಸನ್ನು ಅಲುಗದಂತೆ ಹಿಡಿಯುತ್ತದೆ. ಖರ್ಚೂ ಇಲ್ಲ, ಮನೆಗೆ ಬಂದ ಮೇಲೆ ರೊಟ್ಟಿಯೂ ಆಗುತ್ತದೆ.

ಗೂಡಿನ ಮಾತನ್ನು ಪೂರ್ತಿ ಮಾಡಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ನೀರಿನ ನಡುವೆ ಜಾಲಿಮರಗಳಿವೆ. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಅಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಏರಿಯ ಮೇಲಿಂದ 400 ಮಿಲಿಮೀಟರ್ ಲೆನ್ಸ್ ಇದ್ದವನಿಗೆ ಅಲ್ಲಿ ಯಾರಿಗೂ ತೊಂದರೆಯಾಗದೆ ದಿನವಿಡೀ ಕೆಲಸ. ಮೊಬೈಲ್ ಹಿಡಿದವನು ನೀರಿಗಿಳಿದರೆ ನೂರಾರು ತಾಯಿಹಕ್ಕಿಗಳು ಒಟ್ಟಿಗೆ ಏಳುತ್ತವೆ, ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ನೂರಿಪ್ಪತ್ತು ವರ್ಷಗಳ ಹಿಂದೆ ಗೂಡಿನ ಹತ್ತಿರ ಹೋಗಲು ಸಲಕರಣೆಯ ಕೊರತೆ ಒಂದು ನೆವವಾಗಿತ್ತು. ಇಂದು ಆ ನೆವ ಇಲ್ಲ. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ಬಿಟ್ಟಿವೆ. ಅಭಯಾರಣ್ಯಗಳಲ್ಲಿ ಚಿತ್ರ ತೆಗೆಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದೂ ನೆನಪಿರಲಿ.

ಇನ್ನು ಕಂಪ್ಲಿ. ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಗಿದೆ. ನೀರುನಾಯಿಯ ಚಿತ್ರ ಎಂದರೆ ಹೆಚ್ಚಾಗಿ ನೀರಿನ ಮೇಲೆ ಒಂದು ಒದ್ದೆ ತಲೆ, ಮರುಕ್ಷಣ ಅದೂ ಇಲ್ಲ. ಇಲ್ಲಿ ನಾನು ಸ್ಥಿರಚಿತ್ರಕ್ಕಿಂತ ಚಲನಚಿತ್ರವನ್ನೇ ಶಿಫಾರಸು ಮಾಡುತ್ತೇನೆ. ನಮ್ಮ ಕಸುಬಿನ ಪಕ್ಷಪಾತ ಎಂದು ಬೇಕಾದರೆ ಅನ್ನಿ. ಅವು ಗುಂಪಾಗಿ ಮೀನನ್ನು ಅಟ್ಟುವುದು, ಬಂಡೆಯ ಮೇಲೆ ಮೈ ಉಜ್ಜಿಕೊಳ್ಳುವುದು, ಪರಸ್ಪರ ಕೂಗುವುದು ಒಂದು ಚೌಕಟ್ಟಿನಲ್ಲಿ ಹಿಡಿಯುವಂಥದ್ದಲ್ಲ. ಸೂಪರ್‌ಜೂಮ್ ಕ್ಯಾಮೆರಾದ ವಿಡಿಯೋ ಇದಕ್ಕೆ ಸಾಕು. ದಡದ ಬಂಡೆಯ ಮರೆಯಲ್ಲಿ, ಲೆನ್ಸ್ ನೀರಿನ ಮಟ್ಟಕ್ಕೆ ಹತ್ತಿರ ಇರುವಂತೆ, ಜೋಳದ ಚೀಲದ ಮೇಲೆ ಕ್ಯಾಮೆರಾ ಇಟ್ಟು, ಸೂರ್ಯ ಬೆನ್ನಿಗಿರುವಂತೆ ಕೂತುಕೊಳ್ಳಿ. ಗಾಳಿಯ ಸದ್ದು ಧ್ವನಿಯನ್ನು ಕೆಡಿಸದಂತೆ ಮೈಕಿನ ಮುಂದೆ ಒಂದು ತುಂಡು ಉಣ್ಣೆ ಬಟ್ಟೆ ಕಟ್ಟಿ. ಚಿತ್ರದ ಜೊತೆಗೆ ದಿನಾಂಕ, ಹೊತ್ತು, ನದಿಯ ನೀರಿನ ಮಟ್ಟ, ಎಷ್ಟು ನೀರುನಾಯಿಗಳು, ಮರಿಗಳೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಲದ ಜಾಗವನ್ನು ಮಾತ್ರ ಬರೆದಿಟ್ಟು ಯಾರಿಗೂ ಹಂಚಬೇಡಿ. ಮೊಬೈಲಿನಲ್ಲಿ ತೆಗೆದ ಚಿತ್ರವಾದರೆ, ಅದನ್ನು ಕಳುಹಿಸುವ ಮೊದಲು ಅದರೊಳಗೆ ಅಡಗಿರುವ ಸ್ಥಳದ ಗುರುತನ್ನು ಅಳಿಸಿರಿ.